ಸೊಂಟದ ಹೊಲಿಗೆ

ಬೀದಿಯಿಂದ ಟೇಲರ್ ಅಂಗಡಿಗೆ ಮೂವತ್ತಾರು ಮೆಟ್ಟಿಲು. ಕೆಳಗೆ ಬೇಕರಿ, ಅದರ ಮೇಲೆ ಗಡಿಯಾರ ರಿಪೇರಿಯವನು, ಅವನ ತಲೆಯ ಮೇಲೆ ಅಪ್ಪ ಮಗಳ ಅಂಗಡಿ. ಲಿಫ್ಟು ಹಾಕಿಸುವ ಮಾತು ಕಟ್ಟಡ ಕಟ್ಟಿದ ದಿನದಿಂದ ನಡೆದಿತ್ತು, ಮಾತಾಗಿಯೇ ಉಳಿದಿತ್ತು. ಇಪ್ಪತ್ತೆಂಟು ವರ್ಷಗಳಿಂದ ಅಪ್ಪ ಬೆಳಿಗ್ಗೆ ಹತ್ತುತ್ತಿದ್ದ, ಮಧ್ಯಾಹ್ನ ಊಟಕ್ಕೆ ಇಳಿಯುತ್ತಿದ್ದ, ಉಂಡು ಹತ್ತುತ್ತಿದ್ದ, ಸಂಜೆ ಇಳಿಯುತ್ತಿದ್ದ. ಮೆಟ್ಟಿಲು ಅವನ ಲೆಕ್ಕದಲ್ಲಿರಲಿಲ್ಲ.

ಆ ಸೋಮವಾರ ಮಾತ್ರ ಗಡಿಯಾರದವನ ಬಾಗಿಲ ಮುಂದೆ ನಿಂತವನು ನಿಂತೇ ಬಿಟ್ಟ. ಎಡಮಂಡಿ ಮಡಚಲಿಲ್ಲ. ಗಡಿಯಾರದವನು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆಯೇ ಕತ್ತೆತ್ತಿ, "ಏನಣ್ಣಾ, ನಿಂತು ಹೋಯ್ತಾ?" ಎಂದು ತನ್ನ ಕಸುಬಿನ ಭಾಷೆಯಲ್ಲೇ ವಿಚಾರಿಸಿದ.

"ಸ್ವಲ್ಪ ಎಣ್ಣೆ ಬಿಡು, ಓಡುತ್ತೆ," ಎಂದ ಅಪ್ಪ. ಆದರೆ ಮುಖ ಬಿಳುಚಿತ್ತು.

ಮೇಲಿಂದ ಮಗಳು ಓಡಿ ಬಂದಳು. ಓಡಿ ಅನ್ನುವುದು ಮರ್ಯಾದೆಗೆ. ಎರಡು ಮೆಟ್ಟಿಲಿಗೊಮ್ಮೆ ಕಟಕಟೆ ಹಿಡಿದು ಏದುಸಿರು ಬಿಡುತ್ತ ಬಂದಳು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳೆಂದು ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಈಗ ಮೂವತ್ತೆರಡು ವರ್ಷ. ಕತ್ತರಿ ಹಿಡಿದರೆ ಅವಳನ್ನು ಮೀರಿಸುವವರಿರಲಿಲ್ಲ. ಅಪ್ಪ ಅವಳನ್ನು ಗುಬ್ಬಿ ಎಂದು ಕರೆಯುವುದನ್ನು ಕೇಳಿದಾಗೆಲ್ಲ ಗಿರಾಕಿಗಳು ಇನ್ಯಾರಾದರೂ ಒಳಗಿದ್ದಾರೇನೋ ಎಂದು ಆಚೀಚೆ ನೋಡುತ್ತಿದ್ದರು.

ಮರುದಿನ ಇಬ್ಬರೂ ಮಂಡಿ ಡಾಕ್ಟರ ಬಳಿಗೆ ಹೋದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತು ಚುರುಕು. ಅಪ್ಪನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು.

"ಎಂಬತ್ತೆಂಟು ಕೆಜಿ."

"ಬಟ್ಟೆ ಸೇರಿ," ಎಂದ ಅಪ್ಪ.

"ಬಟ್ಟೆ ಎಷ್ಟಿರುತ್ತೆ?"

"ಪ್ಯಾಂಟು ನಾನೂರು ಗ್ರಾಂ, ಶರ್ಟು ಇನ್ನೂರೈವತ್ತು. ಗುಂಡಿ ಬೇರೆ."

"ಸರಿ, ಮಿಕ್ಕಿದ್ದೆಲ್ಲ ನೀವೇ ತಾನೆ?" ಎಂದು ಡಾಕ್ಟರು ಮಂಡಿಯನ್ನು ಮಡಚಿ ನೋಡಿದರು, ಬಿಡಿಸಿ ನೋಡಿದರು, ಕಿವಿಯಿಟ್ಟು ಅದರ ಸದ್ದು ಕೇಳಿದರು. "ನೋಡಿ, ಮೂರು ತಿಂಗಳು ಟೈಮು ಕೊಡ್ತೀನಿ. ಐದು ಕೆಜಿ ಇಳಿಸಿ. ತೊಡೆ ಗಟ್ಟಿಯಾಗೋ ಹಾಗೆ ದಿನಾ ನಡೀರಿ. ಆಗಲಿಲ್ಲ ಅಂದ್ರೆ ಮೆಟ್ಟಿಲು ಹತ್ತೋದನ್ನ ಪೂರ್ತಿ ನಿಲ್ಲಿಸಬೇಕಾಗುತ್ತೆ."

"ಅಂಗಡಿ ಇರೋದೇ ಮೂವತ್ತಾರು ಮೆಟ್ಟಿಲ ಮೇಲೆ, ಡಾಕ್ಟ್ರಮ್ಮ."

"ಅದಕ್ಕೇ ಹೇಳ್ತಿರೋದು."

"ಮನೇಲಿ ಕೂತು ನಾನೇನು ಗೋಡೆಗೆ ಅಳತೆ ತೆಗೀಲಾ?"

ನಗಿಸಲು ಹೇಳಿದ ಮಾತು, ಹೇಳಿದವನಿಗೇ ನಗು ಬರಲಿಲ್ಲ. ಎಂಟು ಅಡಿಯ ಕತ್ತರಿಸುವ ಮೇಜು ಆ ಮನೆಯ ಯಾವ ಕೋಣೆಗೂ ಹಿಡಿಸುವಂಥದ್ದಲ್ಲ. ಆ ಮೇಜಿಲ್ಲದೆ ತಾನು ಯಾವ ಮನೆಗೂ ಹಿಡಿಸುವವನಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಡಾಕ್ಟರು ಬೆಂಚಿನತ್ತ ತಿರುಗಿದರು. "ಇವರು ನಿಮ್ಮ ಮಗಳು."

"ಹೇಗೆ ಗೊತ್ತಾಯ್ತು?"

"ಕೂತಿರೋದು ನೋಡಿ."

ಅಪ್ಪ ನೋಡಿದ. ಗುಬ್ಬಿ ಬಲಗಾಲನ್ನು ಮಡಚಿ ಅಡಿಗೆ ಹಾಕಿಕೊಂಡು, ಬೆನ್ನು ಗೂನು ಮಾಡಿ, ಹೊಟ್ಟೆಯನ್ನು ತೊಡೆಯ ಮೇಲೆ ಆರಾಮಾಗಿ ಮಲಗಿಸಿ ಕೂತಿದ್ದಳು. ತಾನು ಕೂರುವುದೂ ಥೇಟ್ ಹಾಗೆಯೇ.

"ಒಂದೇ ಥಾನಿನ ಬಟ್ಟೆ, ಡಾಕ್ಟ್ರಮ್ಮ," ಎಂದ, ಸ್ವಲ್ಪ ಹೆಮ್ಮೆಯಿಂದಲೇ.

"ಹಾಗಿದ್ರೆ ಇಬ್ಬರೂ ಒಟ್ಟಿಗೆ ನಡೀರಿ. ಕೂರೋದನ್ನ ಇಷ್ಟು ಚೆನ್ನಾಗಿ ಕಲಿಸಿದೀರ, ನಡೆಯೋದನ್ನೂ ಕಲಿಸಿ. ಬಾಮ್ಮ, ನೀನೂ ಹತ್ತು."

ಗುಬ್ಬಿ ಎಪ್ಪತ್ತಾರು ಇದ್ದಳು.

ಮನೆಗೆ ಬಂದು ಅಮ್ಮನಿಗೆ ಹೇಳಿದರು. ಅಮ್ಮ ಮನೆಯಲ್ಲೇ ಕೂತು ಅಂಗಡಿಯ ಶರ್ಟುಗಳ ಗುಂಡಿತೂತುಗಳಿಗೆ ಕಾಜಾ ಹಾಕುತ್ತಿದ್ದಳು. ಕಡಿಮೆ ಮಾತಿನವಳು. ಆದರೆ ಬೆಳಗ್ಗೆ ಎದ್ದಾಗಿನಿಂದ ತುಟಿಯ ಮೇಲೆ ಪದ್ಯವಿರುತ್ತಿತ್ತು. ತಾಯಿ ಬಾಯಿಂದ ಕಲಿತದ್ದು, ದೇವರ ಮುಂದೆ ಹೇಳುವಂಥದ್ದು, ನೂರಾರು. ಅವಳಿಗೆ ಗಡಿಯಾರ ಬೇಕಿರಲಿಲ್ಲ. ಹಾಲು ಕಾಯಲು ಆರು ಪದ್ಯ, ಬಟ್ಟೆ ನೆನೆಯಲು ನಲವತ್ತು, ಒಂದು ಕಾಜಾಕ್ಕೆ ಮೂರು. ಎಲ್ಲ ಕೇಳಿಸಿಕೊಂಡು, ಸೂಜಿಗೆ ದಾರ ಪೋಣಿಸಿ, ಹೀಗೆಂದಳು: "ನಡೀವಾಗ ಪದ್ಯ ಹೇಳ್ಕೊಂಡು ನಡೀರಿ. ಸಾಲು ತುಂಡಾಗದೆ ಬಂದ್ರೆ ನಿಧಾನ ಆಯ್ತು ಅಂತ ಲೆಕ್ಕ. ಸಾಲಿಗೊಂದು ಉಸಿರು ಬೇಕಾಗಬೇಕು, ಹಾಗೆ ನಡೀರಿ."

ಶಾಲೆಯ ಮೈದಾನಕ್ಕೆ ಬೆಳಿಗ್ಗೆ ಆರಕ್ಕೆ ಹೋಗತೊಡಗಿದರು. ಅಪ್ಪನಿಗೆ ಪದ್ಯಗಳು ಅರ್ಧರ್ಧ ಬರುತ್ತಿದ್ದವು, ಗುಬ್ಬಿಗೆ ಕಾಲುಕಾಲು. ಒಂದು ಪದ್ಯದ ತಲೆಗೆ ಇನ್ನೊಂದರ ಬಾಲ ಸೇರಿಸಿ ಇಬ್ಬರೂ ಏರು ದನಿಯಲ್ಲಿ ಹೇಳುತ್ತ ಸುತ್ತು ಹಾಕುತ್ತಿದ್ದರೆ ಮೈದಾನದಲ್ಲಿ ಓಡುವವರು ದಾರಿ ಬಿಟ್ಟು ಕೊಡುತ್ತಿದ್ದರು.

"ಅಪ್ಪ, ಈ ಸಾಲು ಇಲ್ಲಿಗೆ ಬರಲ್ಲ."

"ಬರುತ್ತೋ ಇಲ್ವೋ, ಉಸಿರು ಬಂದ್ರೆ ಸಾಕು."

ತೂಕ ಇಳಿದದ್ದು ಗೊತ್ತಾಗುವುದು ಹೇಗೆ? ಯಂತ್ರ ಕೊಳ್ಳೋಣವೆಂದಳು ಗುಬ್ಬಿ. ಅಪ್ಪ ಒಪ್ಪಲಿಲ್ಲ. ತಕ್ಕಡಿ ಇರುವುದು ತರಕಾರಿಗೆ ಎಂಬುದು ಅವನ ವಾದ. ಹಾಗಾದರೆ ಟೇಪು? ಅದೂ ಬೇಡ, ಟೇಪು ಹಿಡಿದವರ ಕೈ ಸ್ವಲ್ಪ ಬಿಗಿದರೆ ಅರ್ಧ ಇಂಚು ನಮ್ಮ ಕಡೆಗೇ ವಾಲುತ್ತದೆ. "ಹೊಲಿದ ಪ್ಯಾಂಟು ವಾಲಲ್ಲ ಕಣೆ. ಇವತ್ತು ಹಾಕ್ಕೊಂಡಿರೋದನ್ನೇ ವಾರಕ್ಕೊಂದು ಸಲ ಹಾಕ್ಕೊಳ್ಳೋಣ. ಸಡಿಲ ಆಯ್ತಾ, ಇಳಿದ್ವಿ. ಇಲ್ವಾ, ಇಲ್ಲ."

ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ತನ್ನ ಬಟ್ಟೆಗೆ ತಾನೇ ಕತ್ತರಿ ಹಾಕಬಾರದು. ತನ್ನನ್ನು ತಾನು ಅಳೆದುಕೊಳ್ಳುವವನು ಎಂದೂ ನಿಜ ಬರೆಯುವುದಿಲ್ಲ ಎಂದು ಅಪ್ಪನಿಗೆ ಕಸುಬು ಕಲಿಸಿದ ಗುರು ಹೇಳಿದ್ದರಂತೆ. ಹಾಗಾಗಿ ಅಪ್ಪನ ಬಟ್ಟೆ ಮಗಳ ಕೈಯಲ್ಲಿ, ಮಗಳ ಬಟ್ಟೆ ಅಪ್ಪನ ಕೈಯಲ್ಲಿ; ಹೊಲಿಯುವುದೂ ಅವರೇ, ಇಸ್ತ್ರಿಯೂ ಅವರೇ.

ಎರಡು ವಾರ ಕಳೆಯಿತು. ಅಪ್ಪ ಪ್ಯಾಂಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಸೊಂಟದೊಳಗೆ ಬೆರಳು ತೂರಿಸಲು ನೋಡಿದ. ಬೆರಳು ಹೋಗಲಿಲ್ಲ. ಮಂಚದ ತುದಿಗೆ ಕೂತ. ಮರುದಿನ ಮೈದಾನಕ್ಕೆ ಹೊರಡುವಾಗ, "ನೀನು ಹೋಗ್ಬಾ ಗುಬ್ಬಿ, ನನಗೆ ಇವತ್ತು ಬೇಡ," ಎಂದ. ಅದರ ಮರುದಿನವೂ ಹಾಗೇ ಅಂದ.

ಗುಬ್ಬಿ ಅಂಗಡಿಯಲ್ಲಿ ಒಬ್ಬಳೇ ಇದ್ದಾಗ ಆ ಪ್ಯಾಂಟನ್ನು ಮೇಜಿನ ಮೇಲೆ ಹರಡಿಕೊಂಡಳು. ಅಪ್ಪ ನಡೆಯುವುದು ಬಿಟ್ಟರೆ ಮಂಡಿ ಹೋಯಿತು; ಮಂಡಿ ಹೋದರೆ ಮೆಟ್ಟಿಲು ಹೋಯಿತು; ಕಿಟಕಿಯ ಪಕ್ಕದ ಆ ಹೊಲಿಗೆ ಯಂತ್ರದ ಮುಂದೆ ಯಾರೂ ಕೂರದ ದಿನ ಬರುತ್ತದೆ. ಸೊಂಟದ ಹಿಂದಿನ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಬಿಚ್ಚಿದಳು. ಒಳಗೆ ಮಡಚಿಟ್ಟ ಬಟ್ಟೆಯಲ್ಲಿ ಒಂದಿಷ್ಟನ್ನು ಹೊರಕ್ಕೆ ಬಿಟ್ಟು, ಸೊಂಟ ಅಗಲ ಮಾಡಿ ಮತ್ತೆ ಹೊಲಿದು, ಹಳೆಯ ಗೆರೆ ಕಾಣದಂತೆ ನೀರು ಚಿಮುಕಿಸಿ ಇಸ್ತ್ರಿ ಹಾಕಿದಳು. ಅವಳ ಕೈಗೆ ಇದು ಹೊಸ ಕೆಲಸವೇನಲ್ಲ.

ಭಾನುವಾರ ಬೆಳಿಗ್ಗೆ ಕೋಣೆಯಿಂದ ಕೂಗು ಬಂತು. "ಏ, ಬನ್ರೇ ಇಲ್ಲಿ! ಬೆರಳು ಹೋಗುತ್ತೆ! ಉಗುರಲ್ಲ, ಪೂರ್ತಿ ಬೆರಳು!"

ಅಮ್ಮ ಇಣುಕಿ ನೋಡಿ, "ದೇವರು ದೊಡ್ಡವನು," ಎಂದು ಒಳಗೆ ಹೋದಳು.

ಇದೇ ಸಂಭ್ರಮದಲ್ಲಿ ಗುಬ್ಬಿಯೂ ತನ್ನ ಪ್ಯಾಂಟು ಹಾಕಿ ನೋಡಿದಳು. ಏನಾಶ್ಚರ್ಯ! ಅವಳದೂ ಸಡಿಲ. ಕನ್ನಡಿಯಲ್ಲಿ ತನ್ನನ್ನೇ ಮೂರು ಸಲ ತಿರುಗಿ ನೋಡಿಕೊಂಡಳು. ಅಪ್ಪನದು ನನ್ನ ಕೈವಾಡ, ನನ್ನದು ಮಾತ್ರ ನಿಜವಾದ ಬೆವರಿನದು ಎಂದು ಮನಸ್ಸಿನಲ್ಲೇ ಬೀಗಿದಳು; ಅಪ್ಪನ ಬಗ್ಗೆ ಸ್ವಲ್ಪ ಕನಿಕರವೂ ಆಯಿತು.

ಅಂದಿನಿಂದ ಉತ್ಸಾಹ ಹೇಳತೀರದು. ಮೈದಾನದಲ್ಲಿ ಇನ್ನೂ ಎರಡು ಸುತ್ತು ಹೆಚ್ಚಾಯಿತು. ನಾಲ್ಕು ಗಂಟೆಗೆ ಕೆಳಗಿನ ಬೇಕರಿಯಿಂದ ಬರುತ್ತಿದ್ದ ಬನ್ನೂ ಹೆಚ್ಚಾಯಿತು. "ಇಷ್ಟು ಸಡಿಲ ಆದ್ಮೇಲೆ ಇನ್ನೊಂದು ತಿಂದ್ರೆ ಏನಾಗುತ್ತೆ?" ಎನ್ನುವನು ಅಪ್ಪ. "ಬೆಣ್ಣೆ ಹಚ್ಚಿಸ್ಲಾ?" ಎನ್ನುವಳು ಮಗಳು. ಬೇಕರಿಯವನು ಮೆಟ್ಟಿಲ ಬುಡದಲ್ಲಿ ನಿಂತು, "ವ್ಯಾಯಾಮ ಮಾಡೋ ಗಿರಾಕಿಗಳು ದೇವರಂಥವರು," ಎಂದು ಗಡಿಯಾರದವನಿಗೆ ಹೇಳುತ್ತಿದ್ದ.

ತಿಂಗಳು ತುಂಬಿತು. ಡಾಕ್ಟರ ಬಳಿಗೆ ಹೊರಟಾಗ ಅಪ್ಪ ಮದುವೆಗೆ ಹೊರಟವನಂತೆ ತಲೆ ಬಾಚಿಕೊಂಡಿದ್ದ. ಯಂತ್ರದ ಮೇಲೆ ಹತ್ತಿ ಎದೆಯುಬ್ಬಿಸಿ ನಿಂತ.

"ಎಂಬತ್ತೊಂಬತ್ತು," ಎಂದರು ಡಾಕ್ಟರು.

"ಎಪ್ಪತ್ತೊಂಬತ್ತಾ?"

"ಎಂಬತ್ತೊಂಬತ್ತು. ಒಂದು ಹೆಚ್ಚಾಗಿದೆ."

ಅಪ್ಪ ಕೆಳಗಿಳಿದು ಯಂತ್ರವನ್ನು ಮುಂದೆ ಹಿಂದೆ ನೋಡಿದ. "ಡಾಕ್ಟ್ರಮ್ಮ, ನಿಮ್ಮ ಮಿಷನ್ನು ಕೆಟ್ಟಿದೆ. ನೋಡಿ ಈ ಪ್ಯಾಂಟು, ಬೆರಳು ಪೂರ್ತಿ ಹೋಗುತ್ತೆ!"

ಡಾಕ್ಟರು ತಾವೇ ಹತ್ತಿ ನಿಂತರು. "ಐವತ್ತೆಂಟು. ನಿನ್ನೆಯೂ ಐವತ್ತೆಂಟು. ಮಿಷನ್ನು ಸರಿಯಾಗಿದೆ."

"ಹಾಗಿದ್ರೆ ಇವಳನ್ನ ನಿಲ್ಲಿಸಿ, ಇವಳೂ ಇಳಿದಿದಾಳೆ. ಹತ್ತೇ ಗುಬ್ಬಿ, ತೋರಿಸು."

ಗುಬ್ಬಿ ಧೈರ್ಯವಾಗಿಯೇ ಹತ್ತಿದಳು. ಎಪ್ಪತ್ತೇಳು. ಅವಳ ಬಾಯಿ ತೆರೆದುಕೊಂಡಿತು. "ಅಪ್ಪಂದು ಹೆಚ್ಚಾಗಿದ್ದು ಸರಿ, ಆದ್ರೆ ನಂದು ಹೇಗೆ ಹೆಚ್ಚಾಯ್ತು?"

ಅಪ್ಪ ಅವಳತ್ತ ತಿರುಗಿದ.

"ನಂದು ಹೆಚ್ಚಾಗಿದ್ದು ಸರಿ ಅಂದ್ರೆ?" ಎಂದ ಅಪ್ಪ ನಿಧಾನವಾಗಿ.

ಗುಬ್ಬಿ ಯಂತ್ರದಿಂದ ಇಳಿಯಲೂ ಮರೆತು, ಅದರ ಮೇಲೆ ನಿಂತೇ ಎಲ್ಲ ಹೇಳಿದಳು. ಮಂಚದ ತುದಿ, ಬ್ಲೇಡು, ಬಿಟ್ಟ ಬಟ್ಟೆ, ಇಸ್ತ್ರಿ. "ನೀನು ನಡೆಯೋದು ಬಿಟ್ಟು ಬಿಡ್ತೀಯ ಅಂತ ಭಯ ಆಯ್ತಪ್ಪಾ."

ಅಪ್ಪನ ಮುಖ ಮೊದಲು ಕೆಂಪಾಯಿತು, ಆಮೇಲೆ ಹೊಟ್ಟೆ ಕುಲುಕತೊಡಗಿತು, ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಯ್ಯೋ ನನ್ನ ಗುಬ್ಬೀ, ನಿಂದನ್ನ ನಾನು ಬಿಟ್ಟಿದ್ದೆ ಕಣೇ! ನೀನೂ ಸೋತು ಬಿಡ್ತೀಯ, ಜೊತೆಗೆ ಯಾರೂ ಇರಲ್ಲ ಅಂತ ಅದೇ ವಾರ ಕಾಲು ಇಂಚು ಬಿಟ್ಟೆ!"

ಡಾಕ್ಟರು ಸ್ಟೆತಸ್ಕೋಪನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕರು. ಹೊರಗೆ ಕಾದಿದ್ದ ಇಬ್ಬರು ರೋಗಿಗಳು ಬಾಗಿಲು ಸರಿಸಿ ಇಣುಕಿದರು. ನಗು ಮುಗಿದ ಮೇಲೆ ಡಾಕ್ಟರು ಮಂಡಿಯನ್ನು ಇನ್ನೊಮ್ಮೆ ಒತ್ತಿ ನೋಡಿದರು. ಅಪ್ಪ ಹಲ್ಲು ಕಚ್ಚಿದ.

"ನಕ್ಕಿದ್ದಾಯ್ತು," ಎಂದರು. "ಇನ್ನು ಎರಡೇ ತಿಂಗಳು, ಆರು ಕೆಜಿ. ಪ್ಯಾಂಟಿಗೆ ಮೋಸ ಮಾಡಬಹುದು, ಮಂಡಿಗೆ ಮಾಡೋಕಾಗಲ್ಲ. ಹೊರೋದು ಅದು ತಾನೆ?"

ದಾರಿಯಲ್ಲಿ ಒಂದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ಬಸ್ಸು ಬಂತು, ಹೋಯಿತು, ಹತ್ತಲಿಲ್ಲ.

"ಇದು ಮೊದಲ ಸಲ ಅಲ್ಲ ಅಲ್ವಾ?" ಎಂದ ಅಪ್ಪ.

"ಅಲ್ಲ. ನಾಲ್ಕು ವರ್ಷದಿಂದ." ಗುಬ್ಬಿ ಬೆರಳಿನ ಸುತ್ತ ಒಂದು ದಾರದ ಎಳೆ ಸುತ್ತುತ್ತಿದ್ದಳು. "ಒಂದು ದಿನ ನೀನು ಗುಂಡಿ ಹಾಕೋಕೆ ಒದ್ದಾಡ್ತಿದ್ದೆ. ನಾನು ನೋಡಿದೆ ಅಂತ ಗೊತ್ತಾಗಿ ಗೋಡೆ ಕಡೆ ತಿರುಗಿದೆ. ನಂಗೆ ತಡೆಯೋಕಾಗಲಿಲ್ಲ. ನೀನು ಯಾವಾಗ ಶುರು ಮಾಡಿದ್ದು?"

"ನಿಂಗೆ ಹದಿನಾರು. ಯೂನಿಫಾರಂ ಬಿಗಿ ಆಗಿ ಕ್ಲಾಸಲ್ಲಿ ಯಾರೋ ಆಡಿಕೊಂಡ್ರು ಅಂತ ಅತ್ತುಕೊಂಡು ಬಂದೆ. ಆವತ್ತೇ ಬಿಚ್ಚಿ ಬಿಟ್ಟೆ. ಆಮೇಲೆ ನೀನು ಅಳೋದಕ್ಕೆ ಮೊದಲೇ ಬಿಡ್ತಾ ಬಂದೆ." ಅಪ್ಪ ಮಂಡಿಯನ್ನು ನೀವಿಕೊಂಡ. "ಊರಿನವರ ಸೊಂಟ ಎಲ್ಲ ಬಾಯಿಪಾಠ ನನಗೆ. ಮನೆಯವರದ್ದೇ ನೋಡಲಿಲ್ಲ."

"ನೋಡಿದ್ವಿ ಅಪ್ಪ. ಹೇಳಲಿಲ್ಲ ಅಷ್ಟೆ."

ಮುಂದಿನ ಬಸ್ಸನ್ನೂ ಬಿಟ್ಟು ನಡೆದೇ ಮನೆಗೆ ಹೋದರು.

ಅಮ್ಮ ಇಡೀ ಕಥೆಯನ್ನು ಕೇಳಿದಳು. ನಗಲಿಲ್ಲ, ಗದರಲಿಲ್ಲ, ಕೈಯಲ್ಲಿದ್ದ ಕಾಜಾವನ್ನು ಮುಗಿಸಿ ದಾರ ಕಡಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: "ಹಾಗಾದ್ರೆ ನನ್ನ ಬಟ್ಟೆ?"

ಅಪ್ಪ ನೆಲ ನೋಡಿದ. ಗುಬ್ಬಿಯೂ ನೆಲ ನೋಡಿದಳು.

"ಯಾರು?" ಎಂದಳು ಅಮ್ಮ.

"ನಾನು," ಎಂದರು ಇಬ್ಬರೂ ಒಟ್ಟಿಗೇ, ಮತ್ತು ಬೆಚ್ಚಿ ಒಬ್ಬರನ್ನೊಬ್ಬರು ನೋಡಿಕೊಂಡರು.

"ಅದಕ್ಕೇ ಹೇಳಿ, ಮೂವತ್ತು ವರ್ಷದಿಂದ ದೇವರು ನನ್ನನ್ನ ಹೀಗೇ ಇಟ್ಟಿದಾನೆ ಅಂತ ದಿನಾ ಕೈ ಮುಗೀತಿದ್ದೆ! ಆ ಕೈ ನಿಮ್ಮಿಬ್ಬರಿಗೆ ಮುಗಿಯೋದಿತ್ತಾ?" ಈಗ ಅವಳಿಗೂ ತಡೆಯಲಾಗಲಿಲ್ಲ, ಸೆರಗನ್ನು ಬಾಯಿಗೊತ್ತಿ ನಕ್ಕಳು. ನಕ್ಕು ಮುಗಿಸಿ, "ಎರಡೂ ಪ್ಯಾಂಟು ತನ್ನಿ," ಎಂದಳು.

ಇಬ್ಬರ ಸೊಂಟವನ್ನೂ ಹಳೆಯ ಗೆರೆಗೇ ತಂದು, ಬಿಚ್ಚಿದ ಜಾಗವನ್ನು ಕೆಂಪು ದಾರದಿಂದ ಕೈಹೊಲಿಗೆಯಲ್ಲಿ ಹೊಲಿದಳು. ಇರುವೆ ಸಾಲಿನಂಥ ಆ ಹೊಲಿಗೆಯನ್ನು ಬಿಚ್ಚುವುದೇನೋ ಸುಲಭ. ಮತ್ತೆ ಹಾಗೆಯೇ ಹಾಕಲು ಅಪ್ಪನಿಂದಲೂ ಆಗದು, ಮಗಳಿಂದಲೂ ಆಗದು. ಯಂತ್ರದ ಮುಂದೆ ಹುಲಿಗಳಾದ ಇಬ್ಬರೂ ಬರೀ ಸೂಜಿ ಹಿಡಿದರೆ ಮಕ್ಕಳು.

ಮರುದಿನ ಅಪ್ಪನ ಪ್ಯಾಂಟಿನ ಗುಂಡಿ ಮುಚ್ಚಲಿಲ್ಲ. ಒಂದು ದಾರ ಕಟ್ಟಿ, ಮೇಲೆ ಶರ್ಟು ಇಳಿಬಿಟ್ಟುಕೊಂಡು ಮೈದಾನಕ್ಕೆ ಹೋದ. ಈ ಸಲ ಪದ್ಯದ ಗದ್ದಲ ಅಷ್ಟಿರಲಿಲ್ಲ, ಉಸಿರೆಲ್ಲ ಕಾಲಿಗೇ ಬೇಕಿತ್ತು. ಬನ್ನು ಒಂದಕ್ಕಿಳಿಯಿತು, ಆಮೇಲೆ ಅರ್ಧಕ್ಕೆ, ಆಮೇಲೆ ವಾಸನೆಗೆ. ಹೊಲಿಯುವಾಗ ಕಾಲು ಮಡಚಿ ಕೂತವರಿಗೆ ಇನ್ನೊಬ್ಬರು ಅಡಿಪಟ್ಟಿಯಿಂದ ಮೊಣಕಾಲಿಗೆ ಮೆತ್ತಗೆ ತಟ್ಟಬೇಕೆಂದು ಒಪ್ಪಂದವಾಯಿತು. ಮೊದಲ ವಾರ ಅಂಗಡಿಯಲ್ಲಿ ಹೊಲಿಗೆಗಿಂತ ತಟ್ಟುವ ಸದ್ದೇ ಜಾಸ್ತಿ. ಒಂದು ದಿನ ಮಗಳು ಸಿಟ್ಟಾದಳು, ಒಂದು ದಿನ ಅಪ್ಪ ಸಿಟ್ಟಾದ. ಆರನೆಯ ವಾರ ಇಬ್ಬರಿಗೂ ಒಟ್ಟಿಗೇ ಬೇಜಾರು ಬಂದು ಮೈದಾನದ ಗೇಟಿನವರೆಗೆ ಹೋಗಿ ತಿರುಗಿದರು. ತಿರುಗಿದವರು ನೇರ ಮನೆಗೆ ಬರಲು ನಾಚಿಕೆಯಾಗಿ ಸುತ್ತು ದಾರಿ ಹಿಡಿದರು. ಆ ಸುತ್ತು ಮೈದಾನಕ್ಕಿಂತ ಉದ್ದವಾಗಿತ್ತು.

ಏಳನೆಯ ವಾರ ಅಪ್ಪನ ಗುಂಡಿ ತಾನಾಗಿ ಮುಚ್ಚಿತು. ಅವನು ಯಾರನ್ನೂ ಕೂಗಿ ಕರೆಯಲಿಲ್ಲ. ಕೆಂಪು ದಾರದ ಮೇಲೆ ಒಮ್ಮೆ ಬೆರಳಾಡಿಸಿ, ಅದು ಅಮ್ಮನ ಹೊಲಿಗೆಯೇ ಎಂದು ಖಾತ್ರಿ ಮಾಡಿಕೊಂಡು, ಸುಮ್ಮನೆ ಅಂಗಡಿಗೆ ಹೋದ. ಮೆಟ್ಟಿಲ ನಡುವೆ ಒಂದೇ ಸಲ ನಿಂತ, ಅದೂ ಗಡಿಯಾರದವನಿಗೆ ಹೇಗಿದೀಯ ಎಂದು ಕೇಳಲು.

ಮೂರು ತಿಂಗಳು ಮುಗಿದ ದಿನ ಡಾಕ್ಟರ ಕೋಣೆಗೆ ಅಮ್ಮನೂ ಬಂದಿದ್ದಳು. ಅಪ್ಪ ಯಂತ್ರದ ಮೇಲೆ ನಿಂತ. ಯಂತ್ರ ಎಂಬತ್ಮೂರೂವರೆ ಎಂದಿತು.

ಅಪ್ಪನ ಭುಜ ಕುಸಿಯಿತು. "ಅರ್ಧ ಕೆಜಿ ಜಾಸ್ತಿ."

"ತಡೀರಿ, ತಡೀರಿ!" ಎಂದು ಗುಬ್ಬಿ ಅವನ ಕೊರಳಿಗೂ ಜೇಬಿಗೂ ಕೈ ಹಾಕಿದಳು. ಕೊರಳ ಟೇಪು ಬಂತು. ಜೇಬಿನಿಂದ ಸೀಮೆಸುಣ್ಣದ ತುಂಡುಗಳು, ದಾರದ ಉರುಳೆಗಳು ಮೂರು, ಅಂಗಡಿಯ ಬೀಗದ ಕೈಗೊಂಚಲು, ಕೊನೆಗೆ ಬಟ್ಟೆ ಸುತ್ತಿದ ಅಷ್ಟುದ್ದದ ಕಬ್ಬಿಣದ ಕತ್ತರಿ. ಡಾಕ್ಟರ ಮೇಜಿನ ಮೇಲೆ ಅರ್ಧ ಅಂಗಡಿ ಹರಡಿತು.

"ಕತ್ತರಿ ಯಾಕ್ರೀ ತಂದ್ರಿ?" ಎಂದಳು ಅಮ್ಮ.

"ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಇನ್ನು ಅಂಗಡಿಗೆ ಹತ್ತೋ ಹಾಗಿಲ್ಲ ಅಂದು ಬಿಟ್ರೆ ಕೈಲಾದ್ರೂ ಇರಲಿ ಅಂತ."

ಯಂತ್ರ ಈಗ ಎಂಬತ್ತೆರಡೂ ಮುಕ್ಕಾಲು ಎಂದಿತು. ಡಾಕ್ಟರು ಮಂಡಿಯನ್ನು ಮಡಚಿದರು, ಬಿಡಿಸಿದರು. ಹೊರಗಿನ ಮೆಟ್ಟಿಲನ್ನು ಹತ್ತಿಸಿದರು, ಇಳಿಸಿದರು. ಅಮ್ಮನ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಗುಬ್ಬಿಯನ್ನು ತೂಗುವುದು ಎಲ್ಲರಿಗೂ ಮರೆತೇ ಹೋಗಿತ್ತು. ಅವಳೇ ಹತ್ತಿ ಎಪ್ಪತ್ತೊಂದು ನೋಡಿ, ತಾನೇ ಖುಷಿಪಟ್ಟು ಇಳಿದಳು.

"ಅಂಗಡಿಗೆ ಹೋಗಿ," ಎಂದರು ಡಾಕ್ಟರು ಬೆವರಿದ ಅಪ್ಪನಿಗೆ. "ನಡಿಗೆ ಬಿಡಬೇಡಿ. ಆದ್ರೆ ದಿನಕ್ಕೆ ಒಂದೇ ಸಲ ಹತ್ತೋದು, ಒಂದೇ ಸಲ ಇಳಿಯೋದು. ನಾಲ್ಕು ಸಲ ಬೇಡ."

"ಊಟಕ್ಕೆ?"

"ಊಟ ಮೇಲಕ್ಕೆ ಬರಲಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಊಟ ತಾನಾಗಿ ಮೆಟ್ಟಿಲು ಹತ್ತುವುದಿಲ್ಲ. ಗುಬ್ಬಿ ತಾನು ಇಳಿದು ತರುತ್ತೇನೆಂದಳು. ಅಮ್ಮ ಮೇಜಿನ ಮೇಲಿನ ಕತ್ತರಿಯನ್ನು ಎತ್ತಿ ಅಪ್ಪನ ಕೈಗೆ ಕೊಟ್ಟಳು.

"ನಾನೇ ತರ್ತೀನಿ," ಎಂದಳು.

ಮರುದಿನ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಮ್ಮ ಬೇಕರಿಯ ಪಕ್ಕದ ಬಾಗಿಲಿನಿಂದ ಒಳಹೊಕ್ಕಳು. ಗಡಿಯಾರದವನ ಬಾಗಿಲಲ್ಲಿ ಒಮ್ಮೆ, ಅದರ ಮೇಲೆ ಎರಡು ಸಲ ನಿಂತಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಆ ಅಂಗಡಿಗೆ ಬಂದದ್ದು ಎಣಿಸಲು ಒಂದು ಕೈಯ ಬೆರಳು ಸಾಕು. ಶರ್ಟುಗಳೇ ಅವಳಲ್ಲಿಗೆ ಹೋಗುತ್ತಿದ್ದವು. ಬಾಗಿಲಲ್ಲಿ ಕಾಣಿಸಿಕೊಂಡಾಗ ಮುಖವೆಲ್ಲ ಕೆಂಪು, ಏದುಸಿರು. ಅಪ್ಪ ಸ್ಟೂಲು ಎಳೆದು ಕಿಟಕಿಯ ಬಳಿ ಇಟ್ಟ, ಗುಬ್ಬಿ ನೀರು ಕೊಟ್ಟಳು.

ಉಂಡಾಯಿತು. ಡಬ್ಬಿ ಮುಚ್ಚಿಯೂ ಆಯಿತು. ಅಮ್ಮ ಏಳಲಿಲ್ಲ. ಕಿಟಕಿಯಿಂದ ಕೆಳಗೆ ಬೀದಿ ಉದ್ದಕ್ಕೂ ಕಾಣುತ್ತಿತ್ತು: ಛತ್ರಿಗಳು, ಸೈಕಲ್ಲುಗಳು, ಶಾಲೆಯ ಮೈದಾನದ ಒಂದು ಮೂಲೆ. ಮೇಜಿನ ಮೇಲೆ ಒಳ್ಳೆಯ ಬೆಳಕು ಬಿದ್ದಿತ್ತು.

"ಮನೇಲಿ ಇಷ್ಟು ಬೆಳಕಿಲ್ಲ," ಎಂದಳು.

"ಇಲ್ಲ," ಎಂದ ಅಪ್ಪ.

"ಆ ಶರ್ಟುಗಳನ್ನ ಇಲ್ಲೇ ಕೊಡಿ. ಸಂಜೆ ಒಟ್ಟಿಗೆ ಇಳಿಯೋಣ."

ಗುಬ್ಬಿ ಶರ್ಟುಗಳ ಕಟ್ಟನ್ನು ಅಮ್ಮನ ತೊಡೆಯ ಮೇಲಿಟ್ಟು ಸೂಜಿಯ ಡಬ್ಬಿಯನ್ನು ಹುಡುಕತೊಡಗಿದಳು.